ಅಜ್ಜಿಗೆ ಫೋನ್ ತಗೊಳ್ಳೋ ಮುಂಚೆ ಒಂದಿನ ಅವ್ರ ಪಕ್ಕ ಕೂತ್ಕೊಂಡು ನೋಡಿ

"ನಮ್ಮ ತಾತಂಗೆ ಒಂದು ಸಿಂಪಲ್ಲಾಗಿರೋ ಫೋನ್ ಬೇಕು, ಯಾವ್ದು ತಗೊಳ್ಲಿ ಹೇಳೋ" ಅಂತ ಗೊತ್ತಿರೋರೆಲ್ಲ ನನ್ನೇ ಕೇಳ್ತಾರೆ. ಯಾಕಂದ್ರೆ ನಮ್ಮವ್ವಂಗೆ ಮೂರು ಫೋನ್ ತಂದುಕೊಟ್ಟು ಅದರಲ್ಲಿ ಎರಡನ್ನ ಬೀರು ಸೇರಿಸಿರೋ ಅನುಭವಸ್ಥ ನಾನು. ಅವ್ವ ಅಂದ್ರೆ ಅಪ್ಪನ ತಾಯಿ, ನಮ್ಮ ಕಡೆ ಅಜ್ಜೀನೂ ಅವ್ವನೇ. ವಯಸ್ಸು ಎಂಬತ್ತರ ಹತ್ರ, ಇರೋದು ಆಲೂರು ತಾಲ್ಲೂಕಿನ ಒಂದು ಹಳ್ಳೀಲಿ, ನಾನಿರೋದು ಹಾಸನದಲ್ಲಿ. ಮೊದಲ್ನೇದು ಟಚ್ ಫೋನು, ದೀಪಾವಳಿ ಆಫರಲ್ಲಿ ತಗೊಂಡಿದ್ದು, ಅವ್ವ ಅದನ್ನ ನಾಲ್ಕು ದಿನ ಮುಟ್ಟಿ "ಇದ್ಯಾಕ್ಲಾ ಬೆರಳು ಇಟ್ರೆ ಓಡೋಯ್ತದೆ" ಅಂತ ವಾಪಸ್ ಕೊಟ್ಲು. ಎರಡ್ನೇದರ ಕತೆ ಆಮೇಲೆ ಹೇಳ್ತೀನಿ, ಅದು ಒಂದು ನಾಮಕರಣದಲ್ಲಿ ಮರ್ಯಾದೆ ತೆಗೆದಿದ್ದು.

ಮೂರ್ನೇದು ತಗೊಳ್ಳೋ ಮುಂಚೆ ಮಾತ್ರ ಬುದ್ಧಿ ಬಂತು. ಒಂದು ಭಾನುವಾರ ಬೆಳಗ್ಗೆಯಿಂದ ಸಂಜೆ ತನಕ ಊರಲ್ಲಿ ಅವ್ವನ ಪಕ್ಕದಲ್ಲೇ ಇದ್ದು, ಅವಳು ಆ ಹಳೇ ಬಟನ್ ಸೆಟ್ಟನ್ನ ಏನ್ಮಾಡ್ತಾಳೆ ಅಂತ ಸುಮ್ನೆ ನೋಡ್ದೆ. ಏಳು ಕಾಲ್ ಬಂತು, ಅದರಲ್ಲಿ ಎರಡು ಕೇಳಿಸ್ಲೇ ಇಲ್ಲ ಯಾಕಂದ್ರೆ ಅವಳು ಕೊಟ್ಟಿಗೇಲಿದ್ಲು, ಒಂದನ್ನ ಎತ್ತೋಕೆ ಹೋಗಿ ಕಟ್ ಮಾಡಿದ್ಲು, ಉಳಿದಿದ್ದು ಮಾತಾಡಿದ್ಲು. ಅವಳಾಗಿ ಮಾಡಿದ್ದು ಒಂದೇ ಕಾಲು, ಅದೂ ಪಕ್ಕದ ಮನೆ ಹುಡುಗನ್ನ ಕರೆದು "ನಿಮ್ಮ ದೊಡ್ಡಪ್ಪಂಗೆ ಹಾಕ್ಕೊಡ್ಲಾ" ಅಂತ ಹಾಕಿಸ್ಕೊಂಡಿದ್ದು. ಅವತ್ತು ಗೊತ್ತಾಗಿದ್ದು ಇಷ್ಟು, ಅವ್ವಂಗೆ ಬೇಕಿರೋದು ಫೋನ್ ಮಾಡೋ ಫೋನಲ್ಲ, ಫೋನ್ ಎತ್ತೋ ಫೋನು. ಅಂಗಡೀಲಿ ನಾವು ಕ್ಯಾಮೆರಾ, ಟಾರ್ಚು, ಎಫ್ಎಂ, ಎಷ್ಟು ನಂಬರ್ ಸೇವ್ ಆಗುತ್ತೆ ಅಂತೆಲ್ಲ ಕೇಳ್ತೀವಿ, ಆದ್ರೆ ಕೇಳ್ಬೇಕಾಗಿರೋದು ರಿಂಗ್ ಎಷ್ಟು ದೂರ ಕೇಳುತ್ತೆ, ಎತ್ತೋದು ಹೆಂಗೆ, ಇಡೋದು ಹೆಂಗೆ, ಚಾರ್ಜಿಗೆ ಹಾಕೋದು ಹೆಂಗೆ. ನಿಮ್ಮ ಮನೆ ತಾತ ಬೇರೆ ಥರ ಇರಬಹುದು, ಕಾಫಿ ರೇಟ್ ಕೇಳೋಕೆ ದಿನಕ್ಕೆ ಹತ್ತು ಕಾಲ್ ಮಾಡೋರಿರಬಹುದು, ಅದಕ್ಕೇ ಹೇಳಿದ್ದು ಒಂದಿನ ಕೂತು ನೋಡಿ ಅಂತ. ಬೇಡ ಬಿಡು ಅಂತ ಅವ್ರನ್ನೇ ಕೇಳೋಕೆ ಹೋದ್ರೆ "ನಂಗ್ಯಾಕೆ ಹೊಸದು, ಇರೋದೇ ಸಾಕು" ಅನ್ನೋ ಉತ್ತರ ಬಿಟ್ರೆ ಬೇರೆ ಬರಲ್ಲ.

ಫೋನಿಗಿಂತ ಮುಂಚೆ ಟವರ್. ಇದನ್ನ ಬೆಂಗಳೂರೋರು ಕೊನೆಗೆ ನೋಡ್ತಾರೆ, ನಾವು ಮೊದಲು ನೋಡ್ಬೇಕು. ಸಕಲೇಶಪುರ, ಮೂಡಿಗೆರೆ, ಕಳಸ, ಕೊಪ್ಪ ಈ ಕಡೆ ಒಂದೇ ಮನೇಲಿ ಹಜಾರದಲ್ಲಿ ಒಂದು ಕಡ್ಡಿ ಸಿಕ್ಕಿದ್ರೆ ಅಡುಗೆಮನೇಲಿ ಸೊನ್ನೆ. ಊರಿಗೆ ಹೋದಾಗ ನಿಮ್ಮ ಫೋನಲ್ಲಿ, ನಿಮ್ಮ ಭಾವಮೈದುನನ ಫೋನಲ್ಲಿ, ಯಾರ್ಯಾರ ಹತ್ರ ಯಾವ್ಯಾವ ಸಿಮ್ ಇದೆಯೋ ಅದನ್ನೆಲ್ಲ ಹಿಡ್ಕೊಂಡು ಅಜ್ಜಿ ದಿನಾ ಕೂರೋ ಜಾಗದಲ್ಲಿ, ಮಲಗೋ ಜಾಗದಲ್ಲಿ ನಿಂತು ಒಂದೊಂದು ಕಾಲ್ ಮಾಡಿ ನೋಡಿ. ಯಾವ್ದು ನೆಟ್ಟಗೆ ಬರುತ್ತೋ ಅದೇ ಸಿಮ್, ಆಮೇಲೆ ಆ ಸಿಮ್ಮಿಗೆ ಹೊಂದೋ ಸೆಟ್ಟು.

ಇಲ್ಲೊಂದು ಗುಂಡಿ ಇದೆ, ತುಂಬಾ ಜನ ಬೀಳ್ತಾರೆ. ಕಡಿಮೆ ರೇಟಿನ ಬಟನ್ ಫೋನಲ್ಲಿ ಎಷ್ಟೋ ಈಗ್ಲೂ 2ಜಿ ಸೆಟ್ಟೇ, ಅಂದ್ರೆ ಹಳೇ ಕಾಲದ ನೆಟ್‌ವರ್ಕ್ ಮಾತ್ರ ಹಿಡಿಯೋದು. ಜಿಯೋಗೆ 2ಜಿ ಅನ್ನೋದೇ ಇಲ್ಲ, 2016ರಲ್ಲಿ ಶುರು ಮಾಡ್ದಾಗ್ಲೇ ಬರೀ 4ಜಿಯಲ್ಲಿ ಬಂದಿದ್ದು. ಹಂಗಾಗಿ ಆ ಸಿಮ್ಮನ್ನ 2ಜಿ ಸೆಟ್ಟಿಗೆ ಹಾಕಿದ್ರೆ ಟವರೇ ಬರಲ್ಲ, ಅಜ್ಜಿ ಫೋನ್ ಕೆಟ್ಟಿದೆ ಅಂದ್ಕೊಂಡು ಮೂಲೆಗಿಡ್ತಾರೆ. ಏರ್‌ಟೆಲ್, ವಿಐ ಸಿಮ್ಮಾದ್ರೆ 2ಜಿ ಸೆಟ್ಟಲ್ಲೂ ಮಾತು ಬರುತ್ತೆ. ಆದ್ರೂ ನನ್ನ ಕೇಳಿದ್ರೆ ಈಗ ಹೊಸದು ತಗೊಳ್ಳೋರು ಬಾಕ್ಸ್ ಮೇಲೆ 4ಜಿ, ವೋಲ್ಟಿ (VoLTE) ಅಂತ ಇರೋದನ್ನೇ ತಗೊಳ್ಳಿ, ವೋಲ್ಟಿ ಅಂದ್ರೆ ಮಾತೂ 4ಜಿ ಮೇಲೇ ಹೋಗೋದು, ಧ್ವನಿ ಸ್ವಲ್ಪ ಸ್ಪಷ್ಟ, ಕಿವಿ ಮಂದ ಇರೋರಿಗೆ ಆ ಸ್ವಲ್ಪಾನೇ ದೊಡ್ಡದು. 2023ರಲ್ಲಿ 999 ರೂಪಾಯಿಗೆ ಬಂತಲ್ಲ ಜಿಯೋ ಭಾರತ್, ಅಂಥದ್ದು ಬೇರೆ ಕಂಪನಿ ಸಿಮ್ ತಗೊಳ್ಳಲ್ಲ. ನಿಮ್ಮೂರಲ್ಲಿ ಜಿಯೋ ಚೆನ್ನಾಗಿ ಬಂದ್ರೆ ಒಳ್ಳೇ ಸೆಟ್ಟು, ಬರದಿದ್ರೆ ಅದು ಟಾರ್ಚು ಅಷ್ಟೆ. ಇನ್ನೊಂದು, ನಂಬರ್ ಬದಲಾಯಿಸೋಕೆ ಹೋಗ್ಬೇಡಿ. ಅಜ್ಜಿ ನಂಬರು ಬ್ಯಾಂಕಿಗೆ, ಪಿಂಚಣಿಗೆ, ಗೃಹಲಕ್ಷ್ಮಿಗೆ ಎಲ್ಲಕ್ಕೂ ಅಂಟಿಕೊಂಡಿರುತ್ತೆ, ಸಿಮ್ ಕಂಪನಿ ಬದಲಾಗ್ಬೇಕು ಅಂದ್ರೆ ಪೋರ್ಟ್ ಅಂತ ಇಂಗ್ಲಿಷಲ್ಲಿ ಬರೆದು ಒಂದು ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿ, ನಂಬರ್ ಅದೇ ಉಳಿಯುತ್ತೆ.

ಟವರೇ ಇಲ್ಲದ ಮನೆ? ನಮ್ಮ ಚಿಕ್ಕಮ್ಮನ ಮನೆ ಕೊಟ್ಟಿಗೆಹಾರದ ಹತ್ರ, ಅಲ್ಲಿ ಮಂಜು ಸಿಗುತ್ತೆ, ಸಿಗ್ನಲ್ ಸಿಗಲ್ಲ. ಅವ್ರು ಫೈಬರ್ ಇಂಟರ್ನೆಟ್ ಹಾಕಿಸ್ಕೊಂಡು ವೈಫೈ ಕಾಲಿಂಗ್ ಆನ್ ಮಾಡ್ಕೊಂಡಿದಾರೆ, ಅಂದ್ರೆ ಕಾಲ್ ಟವರ್ ಬದ್ಲು ಮನೆ ವೈಫೈ ಮೇಲೆ ಬರುತ್ತೆ, ನಂಬರ್ ಅದೇ, ಬೇರೆ ಆ್ಯಪ್ ಏನೂ ಬೇಡ. ಆದ್ರೆ ಇದಕ್ಕೆ ಹೆಚ್ಚುಕಮ್ಮಿ ಟಚ್ ಫೋನೇ ಬೇಕು, ಬಟನ್ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಈ ಸೌಕರ್ಯ ಇರಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ರೂಟರೂ ಹೋಯ್ತು, ಅದಕ್ಕೆ ರೂಟರಿಗೇ ಅಂತ ಸಿಗೋ ಸಣ್ಣ ಯುಪಿಎಸ್ ಒಂದು ತಗೊಳ್ಳಿ. ಹಳೇ ತಾಮ್ರದ ತಂತಿ ಲ್ಯಾಂಡ್‌ಲೈನ್ ಇದ್ದಾಗ ಈ ತಾಪತ್ರಯ ಇರ್ಲಿಲ್ಲ, ಎಕ್ಸ್‌ಚೇಂಜಿಂದಾನೇ ತಂತೀಲಿ 48 ವೋಲ್ಟ್ ಬರ್ತಿತ್ತು, ಊರೆಲ್ಲ ಕತ್ತಲಾದ್ರೂ ಫೋನ್ ಟ್ರಿಣ್ ಅಂತಿತ್ತು, ಗುಡುಗು ಮಿಂಚು ಬಂದ್ರೆ ಮಾತ್ರ ವೈರ್ ಕಿತ್ತಿಡ್ತಿದ್ವಿ. ಫೈಬರ್ ಮೇಲೆ ಕೊಡೋ ಲ್ಯಾಂಡ್‌ಲೈನಿಗೆ ಮನೆ ಕರೆಂಟೇ ಬೇಕು, ಇದು ತುಂಬಾ ಜನಕ್ಕೆ ಗೊತ್ತಾಗೋದು ಆಷಾಢದಲ್ಲಿ ಮರ ಬಿದ್ದ ಮೇಲೆ.

ಸಿಗ್ನಲ್ ಕಮ್ಮಿ ಇರೋ ಮನೇಲಿ ಬ್ಯಾಟರಿ ಬೇಗ ಕುಡಿಯುತ್ತೆ ಅನ್ನೋದೂ ನೆನಪಿರ್ಲಿ, ಫೋನು ದೂರದ ಟವರಿಗೆ ಮುಟ್ಟಿಸೋಕೆ ಜೋರಾಗಿ ಕೂಗ್ಬೇಕಲ್ಲ, ಅದಕ್ಕೆ. ಹಾಸನದ ಅಂಗಡೀಲಿ "ಒಂದ್ಸಲ ಚಾರ್ಜ್ ಹಾಕಿದ್ರೆ ವಾರ ಬರುತ್ತೆ" ಅಂದಿದ್ದು ಊರಲ್ಲಿ ಮೂರು ದಿನಕ್ಕೆ ಮುಗಿದ್ರೆ ಅಂಗಡಿಯೋನ್ನ ಬೈಬೇಡಿ.

ಇನ್ನು ಕಿವಿ. ವಯಸ್ಸಾದಾಗ ಮೊದಲು ಹೋಗೋದು ಕೀರಲು ಸದ್ದು, ತೆಳು ಸದ್ದು. ದಪ್ಪ ಸದ್ದು ತುಂಬಾ ದಿನ ಉಳಿಯುತ್ತೆ. ಅದಕ್ಕೇ ಅಜ್ಜಿಗೆ ಮೊಮ್ಮಗಳ ಮಾತು ಅರ್ಥ ಆಗಲ್ಲ, ಮಗನ ಮಾತು ಅರ್ಥ ಆಗುತ್ತೆ, ಪ್ರೀತಿ ಜಾಸ್ತಿ ಕಮ್ಮಿ ಅಂತೇನಲ್ಲ. ಫೋನಲ್ಲಿ ಬರೋ ಟುಯ್ಞ್ ಟುಯ್ಞ್ ರಿಂಗ್‌ಟೋನು ನಮಗೆ ಕಿವಿ ಹರಿದ್ರೂ ಅವ್ರಿಗೆ ಸೊಳ್ಳೆ. ಅಂಗಡೀಲಿ ರಿಂಗ್‌ಟೋನ್ ಎಲ್ಲ ಒಂದೊಂದಾಗಿ ಹಾಕಿಸಿ, ಹಳೇ ಫೋನಿನ ಗಂಟೆ ಥರದ್ದು ಅಥವಾ ದಪ್ಪ ಸ್ವರದ ವಾದ್ಯ ಯಾವ್ದಾದ್ರೂ ಇದ್ಯಾ ನೋಡಿ, ವಾಲ್ಯೂಮ್ ಫುಲ್ ಕೊಟ್ಟಾಗ ಸ್ಪೀಕರ್ ಒಡೆದು ಗೊರಗೊರ ಅಂದ್ರೆ ಅದು ಬೇಡ. ನಮ್ಮವ್ವ ಒಂದು ಉಪಾಯ ಅವಳೇ ಕಂಡುಹಿಡಿದಿದಾಳೆ, ಫೋನನ್ನ ಖಾಲಿ ಸ್ಟೀಲ್ ಚೊಂಬಲ್ಲಿ ನಿಲ್ಸಿಡ್ತಾಳೆ, ವೈಬ್ರೇಟರೂ ಆನ್ ಇದ್ರೆ ಚೊಂಬು ಸಮೇತ ಕೂಗುತ್ತೆ, ಕೊಟ್ಟಿಗೆಗೂ ಕೇಳುತ್ತೆ. ಹಂಗೇ ಮಳೆಗಾಲದಲ್ಲಿ ಫೋನಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿರ್ತಾರೆ ನೋಡಿ, ಆಗ ಮೈಕಿನ ತೂತು ಮುಚ್ಚಿಹೋಗಿ ನಮಗೆ ಅವ್ರ ಮಾತು ಬಾವಿಯಿಂದ ಬಂದಂಗಿರುತ್ತೆ, ಫೋನ್ ಕೆಟ್ಟಿದೆ ಅನ್ನೋ ಮುಂಚೆ ಕವರ್ ಬಿಚ್ಚಿಸಿ.

ಕಿವಿಗೆ ಮೆಷಿನ್ ಹಾಕ್ಕೊಳ್ಳೋರಾದ್ರೆ ಬಾಕ್ಸಲ್ಲಿ ಹಿಯರಿಂಗ್ ಏಡ್ ಕಂಪ್ಯಾಟಿಬಲ್ ಅಂತ ಇದ್ಯಾ ನೋಡಿ, ಕೆಲವದ್ರಲ್ಲಿ ಎಂ3, ಎಂ4, ಟಿ3, ಟಿ4 ಅಂತ ಬರೆದಿರ್ತಾರೆ, ನಂಬರ್ ದೊಡ್ಡದಿದ್ರೆ ಒಳ್ಳೇದು. 2ಜಿ ಸೆಟ್ಟು ಮೆಷಿನ್ ಹತ್ರ ಹೋದ್ರೆ ಜುಂಯ್ ಅನ್ನೋದು ಜಾಸ್ತಿ, 4ಜಿಯಲ್ಲಿ ಅದು ಕಮ್ಮಿ. ಕಿವಿ ಹಿಂದೆ ಕೂರೋ ಮೆಷಿನ್ನಿಗೆ ಮೈಕ್ ಇರೋದು ಮೇಲ್ಗಡೆ, ಕಿವಿ ತೂತಿಗೆ ಫೋನ್ ಒತ್ತಿ ಹಿಡಿಯೋ ಬದ್ಲು ಸ್ವಲ್ಪ ಮೇಲಕ್ಕೆ, ಮೆಷಿನ್ ಹತ್ರ ಹಿಡಿಬೇಕು. ಇದನ್ನ ನಾನು ಹೇಳ್ಕೊಟ್ಟ ಮೇಲೆ ನಮ್ಮ ಮಾವನೋರು "ಇಷ್ಟು ದಿನ ಯಾರೂ ಹೇಳ್ಲೇ ಇಲ್ವಲ್ರೀ" ಅಂದ್ರು.

ಕಣ್ಣಿಗೆ ಬೇಕಾಗಿರೋದು ಸ್ಕ್ರೀನ್ ದೊಡ್ಡದಲ್ಲ, ಅಕ್ಷರ ದಪ್ಪ. ಬಿಳಿ ಮೇಲೆ ಕಪ್ಪು ಅಥವಾ ಕಪ್ಪು ಮೇಲೆ ಬಿಳಿ. ಬಟನ್ ಮೇಲೆ ನಂಬರ್ ದೊಡ್ಡದಾಗಿ ಇದ್ದು ಅದರ ಕೆಳಗೆ ಇರುವೆ ಸಾಲಿನ ಥರ ಎಬಿಸಿ ಸಣ್ಣದಾಗಿದ್ರೆ ಪರ್ವಾಗಿಲ್ಲ, ಎರಡೂ ಒಂದೇ ಅಳತೆ ಇದ್ರೆ ಗೊಂದಲ. ಒಂದೊಂದು ಬಟನ್ ಮಧ್ಯೆ ಸಂದು ಇರ್ಬೇಕು, ಒತ್ತಿದ್ರೆ ಟಕ್ ಅಂತ ಬೆರಳಿಗೆ ಗೊತ್ತಾಗ್ಬೇಕು. ಐದರ ಮೇಲೆ ಒಂದು ಸಣ್ಣ ಉಬ್ಬು ಇರುತ್ತೆ, ಕಣ್ಣು ಕಾಣದಿದ್ರೂ ಬೆರಳು ದಾರಿ ಹುಡುಕ್ಲಿ ಅಂತ. ನಾನು ಹಸಿರು ಬಟನ್ ಮೇಲೂ ಅವ್ವನ ಸ್ಟಿಕ್ಕರ್ ಬೊಟ್ಟು ಒಂದು ಅಂಟಿಸ್ದೆ, ಎರಡು ತಿಂಗಳಿಗೊಮ್ಮೆ ಉದುರುತ್ತೆ, ಇನ್ನೊಂದು ಅಂಟಿಸಿದ್ರಾಯ್ತು.

ಟಚ್ ಫೋನ್ ಯಾಕೆ ಇವ್ರ ಬೆರಳಿಗೆ ಬಗ್ಗಲ್ಲ ಅಂತ ನಂಗೂ ಮೊದಲು ಗೊತ್ತಿರ್ಲಿಲ್ಲ, ಅವ್ವಂಗೆ ಗೊತ್ತಾಗಲ್ಲ ಅಂತ ಬೈದಿದ್ದೆ, ಈಗ ಬೇಜಾರಾಗುತ್ತೆ. ಆ ಸ್ಕ್ರೀನ್ ಕೆಲಸ ಮಾಡೋದು ಚರ್ಮದ ತೇವದ ಮೇಲೆ, ಚರ್ಮದ ಮೂಲಕ ಹರಿಯೋ ತುಸು ವಿದ್ಯುತ್ತಿನ ಮೇಲೆ. ಅರವತ್ತು ವರ್ಷ ಕಾಫಿ ಕೊಯ್ದು, ಕುಡುಗೋಲು ಹಿಡಿದು, ಸಗಣಿ ತಟ್ಟಿ ಒಣಗಿ ಗಟ್ಟಿಯಾಗಿರೋ ಬೆರಳನ್ನ ಆ ಗ್ಲಾಸು ಬೆರಳು ಅಂತ್ಲೇ ಗುರುತು ಹಿಡಿಯಲ್ಲ. ಅದಕ್ಕೆ ಅವ್ರು ಇನ್ನೂ ಗಟ್ಟಿ ಒತ್ತುತ್ತಾರೆ, ಗಟ್ಟಿಯಾಗಿ ತುಂಬಾ ಹೊತ್ತು ಒತ್ತಿದ್ರೆ ಫೋನ್ ಅದನ್ನ ಬೇರೆ ಅರ್ಥ ಮಾಡ್ಕೊಂಡು ಐಕಾನ್ ಎಲ್ಲ ಅಲ್ಲಾಡಿಸಿ ಇನ್ಯಾವ್ದೋ ಕಿಟಕಿ ತೆಗಿಯುತ್ತೆ.

ಎತ್ತೋದು, ಇಡೋದು. ಇದಕ್ಕೆ ನಾನು ಕಂಡ ಹಾಗೆ ಮಡಚೋ ಫೋನಿಗೆ ಸಮ ಬೇರೆ ಇಲ್ಲ. ತೆಗೆದ್ರೆ ಎತ್ತಿದಂಗೆ, ಮುಚ್ಚಿದ್ರೆ ಇಟ್ಟಂಗೆ, ಚೀಲದಲ್ಲಿದ್ದಾಗ ಬಟನ್ ತಾನಾಗಿ ಒತ್ತಿಕೊಳ್ಳಲ್ಲ, ಸ್ಟಾರ್ ಒತ್ತಿ ಲಾಕ್ ತೆಗಿ ಅನ್ನೋ ರಗಳೆ ಇಲ್ಲ. ಅಂಗಡೀಲಿ ಸೆಟ್ ಕೈಗೆ ಕೊಟ್ಟ ತಕ್ಷಣ ಅವ್ವ ಟಪ್ ಅಂತ ತೆಗೆದು ಟಪ್ ಅಂತ ಮುಚ್ಚಿ "ಸುಣ್ಣದ ಡಬ್ಬಿ ಇದ್ದಂಗದೆ" ಅಂದ್ಲು. ಅಷ್ಟೇ, ಟ್ರೈನಿಂಗ್ ಮುಗೀತು, ಆ ಕೈ ಸುಣ್ಣದ ಡಬ್ಬಿ ತೆಗೆದು ಮುಚ್ಚಿದ್ದು ಲೆಕ್ಕವೇ ಇಲ್ಲ. ನಾವು ತಗೊಂಡಿದ್ದು ನೋಕಿಯಾ 2660 ಫ್ಲಿಪ್, 4ಜಿ, ನಂಬರ್ ದೊಡ್ಡದು, 2022ರಲ್ಲಿ ಇಲ್ಲಿ ಬಿಟ್ಟಾಗ ಐದು ಸಾವಿರದ ಒಳಗಿತ್ತು. ಬಟನ್ ಸೆಟ್ಟಿಗೆ ಅಷ್ಟ್ಯಾಕೆ ಅಂತ ಮನೇಲಿ ಎಲ್ರೂ ಕೇಳಿದ್ರು. ಈಸಿಫೋನ್ ಅಂತ ವಯಸ್ಸಾದೋರಿಗೇ ಅಂತ ಮಾಡಿರೋ ಸೆಟ್ಟುಗಳೂ ಸಿಗುತ್ವೆ, ಆನ್‌ಲೈನಲ್ಲಿ ಜಾಸ್ತಿ. ದುಡ್ಡು ಅಷ್ಟು ಬೇಡ ಅಂದ್ರೆ ಮಾಮೂಲಿ ಉದ್ದನೆ ಬಟನ್ ಸೆಟ್ಟೇ ತಗೊಳ್ಳಿ, ಆದ್ರೆ ಹಸಿರು ಕೆಂಪು ಬಟನ್ ಎರಡೂ ಬೇರೆ ಬೇರೆ, ದೂರ ದೂರ, ಬಣ್ಣ ಎದ್ದು ಕಾಣೋದು ಇರ್ಲಿ. ಅವ್ವ ಅವತ್ತು ಎತ್ತೋಕೆ ಹೋಗಿ ಕಟ್ ಮಾಡಿದ್ದು ಆ ಎರಡೂ ಬಟನ್ ಅಂಟಿಕೊಂಡಿದ್ದಕ್ಕೇ.

ಈಗ ಚಾರ್ಜರ್. ನನ್ನ ಪ್ರಕಾರ ಅರ್ಧ ಫೋನ್ ಸಾಯೋದು ಇಲ್ಲೇ. ಆ ಸಣ್ಣ ಚಪ್ಪಟೆ ಪಿನ್ ಇದ್ಯಲ್ಲ, ಮೈಕ್ರೋ ಯುಎಸ್‌ಬಿ, ಅದಕ್ಕೆ ಮೇಲೆ ಕೆಳಗೆ ಇದೆ, ಉಲ್ಟಾ ತುರುಕಿದ್ರೆ ಒಳಗಿನ ನಾಲಗೆ ಮುರಿಯುತ್ತೆ, ನಮಗೇ ರಾತ್ರಿ ಕಾಣಲ್ಲ. ಸಿ ಟೈಪ್ ಇದ್ರೆ ಯಾವ ಕಡೆಯಿಂದ ಹಾಕಿದ್ರೂ ನಡಿಯುತ್ತೆ, ಆದ್ರೆ ಬಟನ್ ಸೆಟ್ಟಲ್ಲಿ ಅದು ಸಿಗೋದು ಕಮ್ಮಿ. ಎಲ್ಲಕ್ಕಿಂತ ಸುಖ ಅಂದ್ರೆ ಸ್ಟ್ಯಾಂಡ್ ಚಾರ್ಜರ್, ತೊಟ್ಟಿಲಲ್ಲಿ ಮಗು ಮಲಗಿಸಿದಂಗೆ ಫೋನ್ ಕೂರಿಸಿದ್ರೆ ಸಾಕು, ವಯಸ್ಸಾದೋರ ಸೆಟ್ಟುಗಳಲ್ಲಿ ಕೆಲವಕ್ಕೆ ಜೊತೇಲೇ ಕೊಡ್ತಾರೆ. ಅದಿಲ್ಲ ಅಂದ್ರೆ ಮ್ಯಾಗ್ನೆಟ್ ಕೇಬಲ್ ಸಿಗುತ್ತೆ, ಸಣ್ಣ ತುದೀನ ಫೋನಲ್ಲೇ ಬಿಟ್ಟಿರೋದು, ವೈರ್ ಹತ್ರ ತಂದ್ರೆ ತಾನೇ ಚಪ್ ಅಂತ ಅಂಟಿಕೊಳ್ಳುತ್ತೆ. ಏನೂ ಬೇಡ ಅಂದ್ರೆ ಪಿನ್ನಿನ ಮೇಲ್ಭಾಗಕ್ಕೂ ಫೋನಿನ ಮುಂಭಾಗಕ್ಕೂ ಉಗುರಿಗೆ ಹಚ್ಚೋ ಕೆಂಪು ಬಣ್ಣದ ಒಂದೊಂದು ಚುಕ್ಕೆ ಇಡಿ, ಕೆಂಪಿಗೆ ಕೆಂಪು. ಚಾರ್ಜರ್ ಹಾಕೋ ಪ್ಲಗ್ ಸೊಂಟದ ಎತ್ತರದಲ್ಲಿರ್ಲಿ, ಬಗ್ಗಿ ಹಾಕೋ ಜಾಗದಲ್ಲಿದ್ರೆ ಅವ್ರು ಹಾಕಲ್ಲ, ಮಂಡಿ ನೋವು ಅಂತ ನಿಮಗೆ ಹೇಳೋದೂ ಇಲ್ಲ.

ಎರಡ್ನೇ ಫೋನಿನ ಕತೆ ಹೇಳ್ತೀನಿ ಅಂದಿದ್ನಲ್ಲ. ಹಿಂದ್ಗಡೆ ದೊಡ್ಡ ಕೆಂಪು ಎಸ್‌ಒಎಸ್ ಬಟನ್ ಇತ್ತು, ಅಂದ್ರೆ ಆಪತ್ತಿಗೆ ಅಂತ ಇರೋದು, ಒತ್ತಿ ಹಿಡಿದ್ರೆ ಸೈರನ್ ಹೊಡೆದು ಐದು ನಂಬರಿಗೆ ಮೆಸೇಜು ಹೋಗಿ ಆಮೇಲೆ ಒಬ್ಬೊಬ್ರಿಗೆ ಕಾಲ್ ಹೋಗೋದು. ಕೇಳೋಕೆ ಎಷ್ಟು ಚೆನ್ನಾಗಿದೆ. ಅವ್ವ ಅದನ್ನ ಎಲೆ ಅಡಿಕೆ ಚೀಲದಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸ್ಕೊಂಡು ನೆಂಟರ ಮನೆ ನಾಮಕರಣಕ್ಕೆ ಹೋದ್ಲು, ಮಗುವಿನ ಕಿವೀಲಿ ಹೆಸರು ಹೇಳೋ ಹೊತ್ತಿಗೆ ಸರಿಯಾಗಿ ಸೊಂಟದಲ್ಲಿ ಆಂಬ್ಯುಲೆನ್ಸ್ ಶುರುವಾಯ್ತು, ಮಗು ಅತ್ತಿದ್ದಲ್ಲದೆ ನಾನು ಹಾಸನದಿಂದ, ಚಿಕ್ಕಪ್ಪ ಅರಸೀಕೆರೆಯಿಂದ ಬೈಕ್ ಹತ್ತಿದ್ವಿ. ಮೂರು ಸಲ ಹಂಗಾದ್ಮೇಲೆ ಅವಳೇ ಆ ಬಟನ್ ಮೇಲೆ ಪ್ಲಾಸ್ಟರ್ ಹಾಕಿ ಮುಚ್ಚಿದ್ಲು. ಎಸ್‌ಒಎಸ್ ಬೇಡ ಅಂತಲ್ಲ, ಒಬ್ಬರೇ ಇರೋರಿಗೆ ಬೇಕೇ ಬೇಕು, ಆದ್ರೆ ಬಟನ್ ಸ್ವಲ್ಪ ಒಳಕ್ಕೆ ತಗ್ಗಿರೋದು, ಅಥವಾ ಆಚೆ ಈಚೆ ಸರಿಸೋ ಥರದ್ದು ನೋಡಿ, ಸೈರನ್ ಆಫ್ ಮಾಡೋಕೆ ಬರುತ್ತಾ ಕೇಳಿ, ಮೆಸೇಜಿಗೆ ಸಿಮ್ಮಲ್ಲಿ ಕರೆನ್ಸಿ ಇದ್ಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಬಟನ್ ಒತ್ತಿದ್ರೂ ಮೆಸೇಜ್ ಹೋಗಲ್ಲ.

ಎಸ್‌ಒಎಸ್ ಬಟನ್ ಇಲ್ಲದ ಸೆಟ್ಟಲ್ಲೂ ಒಂದು ದಾರಿ ಇದೆ. 2017ರಿಂದ ಈಚೆಗೆ ನಮ್ಮ ದೇಶದಲ್ಲಿ ಮಾರೋ ಬಟನ್ ಫೋನಲ್ಲಿ 5 ಅಥವಾ 9ನ್ನ ಒತ್ತಿ ಹಿಡಿದ್ರೆ ತುರ್ತು ಕಾಲ್ ಹೋಗ್ಬೇಕು ಅಂತ ಸರ್ಕಾರದ ರೂಲ್ಸೇ ಇದೆ, ಟಚ್ ಫೋನಲ್ಲಾದ್ರೆ ಪವರ್ ಬಟನ್ ಮೂರು ಸಲ ಬೇಗ ಬೇಗ ಒತ್ತೋದು. ಹೋಗೋದು 112ಕ್ಕೆ. ಹಾಗಾಗಿ ಸ್ಪೀಡ್ ಡಯಲ್, ಅಂದ್ರೆ ಒಂದೇ ಅಂಕಿ ಒತ್ತಿ ಹಿಡಿದ್ರೆ ಒಬ್ರಿಗೆ ಕಾಲ್ ಹೋಗೋದು, ಇಡೋವಾಗ 5, 9 ಎರಡನ್ನೂ ಬಿಟ್ಟು 2, 3, 4ರಲ್ಲಿ ಇಡಿ. 1 ವಾಯ್ಸ್‌ಮೇಲಿಗೆ ಹೋಗುತ್ತೆ, ಅದೂ ಬೇಡ. ಆಂಬ್ಯುಲೆನ್ಸ್ 108 ಹೆಂಗಿದ್ರೂ ಎಲ್ರಿಗೂ ಬಾಯಿಗೆ ಬರುತ್ತೆ.

ಅಂಗಡಿಗೆ ಹೋಗೋವಾಗ ಆದಷ್ಟು ಅವ್ರನ್ನೇ ಕರ್ಕೊಂಡು ಹೋಗಿ. ಹಾಸನಕ್ಕೆ ಡಾಕ್ಟರ್ ಹತ್ರ ಅಂತ ಬಂದಾಗ ಕಟ್ಟಿನಕೆರೆ ಮಾರ್ಕೆಟಲ್ಲಿ ತರಕಾರಿ ತಗೊಂಡು ಹಂಗೇ ಒಂದು ಅಂಗಡಿಗೆ ನುಗ್ಗಿ, ಚಿಕ್ಕಮಗಳೂರಾದ್ರೆ ಎಂ.ಜಿ. ರೋಡಲ್ಲಿ ಅಂಗಡಿಗೇನು ಬರ. ಅಂಗಡಿಯೋರಿಗೆ ಬಟನ್ ಸೆಟ್ಟಲ್ಲಿ ಲಾಭ ಕಮ್ಮಿ, ಮೂಲೇಲಿ ಧೂಳು ಹಿಡಿಸಿಟ್ಟಿರ್ತಾರೆ, "ಸಾರ್ ಇನ್ನೆರಡು ಸಾವಿರ ಹಾಕಿದ್ರೆ ಟಚ್ಚೇ ಬರುತ್ತೆ" ಅಂತಾರೆ, ನಕ್ಕು ಸುಮ್ನಾಗಿ. ಅಜ್ಜಿ ಸಿಮ್ಮನ್ನ ಅಲ್ಲೇ ಹಾಕಿಸಿ ನೀವು ಅಂಗಡಿ ಆಚೆ ರೋಡಿಗೆ ಬಂದು ಕಾಲ್ ಮಾಡಿ, ಬಸ್ಸಿನ ಹಾರನ್ ಮಧ್ಯೆ ಅಜ್ಜಿ ಎತ್ತಿ ಮಾತಾಡಿದ್ರೆ ಪಾಸು. ನೀವು ಒತ್ತಿ ತೋರಿಸ್ಬೇಡಿ, ಸೆಟ್ ಅವ್ರ ಕೈಲೇ ಇರ್ಲಿ, ಹೆಂಗೆ ಹಿಡಿತಾರೆ, ಹೆಬ್ಬೆರಳು ಎಲ್ಲಿಗೆ ಹೋಗುತ್ತೆ ನೋಡಿ. ಸಿಮ್ ಸಣ್ಣದು, ಜಾಗ ದೊಡ್ಡದು ಅಂತಾದ್ರೆ ಒಂದು ಪ್ಲಾಸ್ಟಿಕ್ ಅಡಾಪ್ಟರ್ ಹಾಕ್ತಾರೆ, ಖಾಲಿ ಅಡಾಪ್ಟರನ್ನ ಯಾವತ್ತೂ ಒಳಗೆ ತಳ್ಳಬೇಡಿ, ಪಿನ್ನಿಗೆ ಸಿಕ್ಕಿಹಾಕ್ಕೊಂಡು ಎಲ್ಲ ಕಿತ್ಕೊಂಡು ಬರುತ್ತೆ. ಆಮೇಲೆ *#06# ಒತ್ತಿ, ಆ ಸೆಟ್ಟಿನ ಗುರುತಿಗೆ ಅಂತ ಬರೋ 15 ಅಂಕಿ (ಐಎಂಇಐ) ಬಾಕ್ಸ್ ಮೇಲಿರೋದಕ್ಕೆ ತಾಳೆ ಆಗ್ಬೇಕು, ಬಿಲ್ ತಗೊಳ್ಳಿ. ಬ್ಯಾಟರಿ ಬಿಚ್ಚೋಕೆ ಬರೋ ಸೆಟ್ಟಾದ್ರೆ ಇನ್ನೊಂದು ಬ್ಯಾಟರಿ ಈಗ್ಲೇ ತಗೊಂಡು ಚಾರ್ಜ್ ಮಾಡಿ ಇಟ್ಟಿರಿ, ಜುಲೈ ಆಗಸ್ಟಲ್ಲಿ ಮೂರು ದಿನ ಕರೆಂಟಿಲ್ಲದಾಗ ಗೊತ್ತಾಗುತ್ತೆ ಯಾಕೆ ಅಂತ.

ಮನೆಗೆ ತಂದ್ಮೇಲೆ ಒಂದು ಗಂಟೆ ಕೆಲಸ ಇದೆ, ಇದನ್ನ ಯಾರೂ ಮಾಡಲ್ಲ. ಮೆನು ಕನ್ನಡಕ್ಕೆ ಹಾಕಿ. ಸಿಮ್ಮಲ್ಲಿ ಕಂಪನಿಯೋರು ತುಂಬಿಸಿರೋ ನಂಬರೆಲ್ಲ ಅಳಿಸಿ, ಹತ್ತು ಹದಿನೈದು ನಂಬರ್ ಸಾಕು. ಹೆಸರನ್ನ ಅವ್ರು ಕೂಗೋ ಥರಾನೇ ಹಾಕಿ, ನಿಮ್ಮ ಆಧಾರ್ ಕಾರ್ಡಿನ ಹೆಸರು ಅಜ್ಜಿಗೇನು ಗೊತ್ತು, ನಾನು ಅವ್ವನ ಫೋನಲ್ಲಿ ಇವತ್ತಿಗೂ ಪುಟ್ಟ. ಖಾಲಿ ಇರೋ ಎರಡ್ನೇ ಸಿಮ್ ಜಾಗ ಆಫ್ ಮಾಡಿ. ದಿನಾ ಸ್ಕ್ರೀನ್ ಮೇಲೆ ತಾನಾಗಿ ಎದ್ದು ನಿಲ್ಲೋ ಜಾಹೀರಾತು ಮೆಸೇಜ್ ಇರ್ತವೆ, ಕ್ರಿಕೆಟ್ ಸ್ಕೋರು, ಭವಿಷ್ಯ ಅಂತ, ಗೊತ್ತಿಲ್ದೆ ಓಕೆ ಒತ್ತಿದ್ರೆ ಕರೆನ್ಸಿ ಕಟ್ಟು, ನಮ್ಮವ್ವ ಹಂಗೆ ಒಂದು ತಿಂಗಳು ಜ್ಯೋತಿಷ್ಯಕ್ಕೆ ದುಡ್ಡು ಕಟ್ಟಿದಾಳೆ. ಸಿಮ್ ಮೆನುಗೆ ಹೋಗಿ ಅದನ್ನ ನಿಲ್ಲಿಸಿ, ಆಗ್ಲೇ ಶುರುವಾಗಿದ್ರೆ ಅವಳ ಸಿಮ್ಮಿಂದ 155223ಕ್ಕೆ ಸ್ಟಾಪ್ ಅಂತ ಇಂಗ್ಲಿಷಲ್ಲಿ ಮೆಸೇಜ್ ಹಾಕಿ, ಮಾರೋರ ಕಾಲ್ ಬರದಂಗೆ 1909ಕ್ಕೆ ಫೋನ್ ಮಾಡಿ ಡಿಎನ್‌ಡಿ ಹಾಕಿಸಿ.

ಆಮೇಲೆ ಅಭ್ಯಾಸ. ಪಕ್ಕದ ರೂಮಿಗೆ ಹೋಗಿ ಕಾಲ್ ಮಾಡೋದು, ಅವ್ರು ಎತ್ತೋದು, ಎರಡು ಮಾತು, ಇಡೋದು. ಎರಡು ದಿನದಲ್ಲಿ ಹತ್ತು ಹದಿನೈದು ಸಲ. ಮೊಮ್ಮಕ್ಕಳ ಕೈಲಿ ಮಾಡಿಸಿದ್ರೆ ಆಟ ಆಗುತ್ತೆ, ನಾವು ಮಾಡಿಸಿದ್ರೆ ಪರೀಕ್ಷೆ ಆಗುತ್ತೆ. ಎಲ್ಲ ಒಂದೇ ದಿನ ಹೇಳ್ಕೊಡ್ಬೇಡಿ, ಮೊದಲ್ನೇ ವಾರ ಬರೀ ಎತ್ತೋದು ಇಡೋದು, ಸ್ಪೀಡ್ ಡಯಲ್ ಆಮೇಲೆ. ಗೋಡೆಗೆ ಕ್ಯಾಲೆಂಡರ್ ಪಕ್ಕ ದಪ್ಪ ಅಕ್ಷರದಲ್ಲಿ ನಾಲ್ಕು ನಂಬರ್ ಬರೆದು ಅಂಟಿಸಿ, ಫೋನೇ ಸತ್ತೋದ್ರೆ ಪಕ್ಕದ ಮನೆಯೋರ ಫೋನಿಂದ ಮಾಡೋಕೆ ಬೇಕಲ್ಲ.

ಕರೆನ್ಸಿ ಹಾಕಿಸೋದು ನಿಮ್ಮ ಕೆಲಸ, ಅವ್ರದ್ದಲ್ಲ. ವ್ಯಾಲಿಡಿಟಿ ಮುಗಿದ್ರೆ ಬರೋ ಕಾಲೂ ನಿಂತೋಗುತ್ತೆ, ಎತ್ತೋ ಫೋನಿಗೆ ಅದಕ್ಕಿಂತ ಕಷ್ಟ ಇಲ್ಲ. ಮೊದಲು ನೆಟ್ ಬೇಡ ಅಂದ್ರೂ ನೆಟ್ ಸೇರಿಸಿದ ಪ್ಯಾಕೇ ಹಾಕ್ಸ್‌ಬೇಕಿತ್ತು, 2024ರ ಡಿಸೆಂಬರಲ್ಲಿ ಫೋನ್ ಕಂಪನಿಗಳಿಗೆ ರೂಲ್ಸ್ ಮಾಡೋ ಟ್ರಾಯ್ ಹೇಳಿದ್ಮೇಲೆ ಕಂಪನಿಯೋರು ಬರೀ ಮಾತು ಮೆಸೇಜು ಇರೋ ಪ್ಯಾಕ್ ಬಿಟ್ಟಿದಾರೆ, ಅಂಥ ಪ್ಯಾಕಿಗೆ 365 ದಿನದ ತನಕ ವ್ಯಾಲಿಡಿಟಿ ಕೊಡೋಕೂ ಅನುಮತಿ ಇದೆ. ವರ್ಷದ್ದು ಅಥವಾ ಅದಕ್ಕೆ ಹತ್ತಿರದ್ದು ಒಂದೇ ಸಲ ಹಾಕಿಸಿಬಿಡಿ. ನಾನು ಯುಗಾದಿಗೆ ಹಾಕಿಸ್ತೀನಿ, ಮರೆಯಲ್ಲ.

ವೀಡಿಯೋ ಕಾಲ್ ಬೇಕೇ ಬೇಕು, ಮಗಳು ಅಮೆರಿಕಾದಲ್ಲಿದಾಳೆ ಅನ್ನೋ ಮನೆ ಇರುತ್ತೆ. ಅಂಥವ್ರಿಗೆ ನಾನು ಹೇಳೋದು ಎರಡು ಫೋನ್. ಸೊಂಟಕ್ಕೆ ಬಟನ್ನು, ಹಜಾರಕ್ಕೆ ಟಚ್ಚು. ಟಚ್ ಫೋನನ್ನ ಸ್ಟ್ಯಾಂಡಿಗೆ ಹಾಕಿ ಟಿವಿ ಪಕ್ಕ ಇಟ್ಟು, ಹೋಂ ಸ್ಕ್ರೀನಲ್ಲಿ ಇರೋದೆಲ್ಲ ಕಿತ್ತು ನಾಲ್ಕು ಜನದ ಫೋಟೋ ಮಾತ್ರ ಬಿಡಿ, ಮುಟ್ಟಿದ್ರೆ ನೇರ ಕಾಲ್ ಹೋಗೋ ಥರ. ಸ್ಯಾಮ್‌ಸಂಗಲ್ಲಿ ಈಸಿ ಮೋಡ್ ಅಂತ ಇದೆ, ಅಕ್ಷರ ದೊಡ್ಡದಾಗುತ್ತೆ, ಬೆರಳು ಸ್ವಲ್ಪ ಜಾಸ್ತಿ ಹೊತ್ತು ಇಟ್ರೂ ಬೇರೆ ಏನೂ ಬೇಗ ತೆರ್ಕೊಳ್ಳಲ್ಲ, ವಾಲ್ಯೂಮ್ ಬಟನ್ನಲ್ಲೇ ಕಾಲ್ ಎತ್ತೋ ಹಾಗೆ ಆಕ್ಸೆಸಿಬಿಲಿಟಿ ಸೆಟ್ಟಿಂಗಲ್ಲಿ ಮಾಡ್ಬಹುದು. ಬೇರೆ ಕಂಪನಿ ಫೋನಲ್ಲೂ ಟಚ್ ಅಂಡ್ ಹೋಲ್ಡ್ ಡಿಲೇ ಅಂತ ಸಿಗುತ್ತೆ, ಅದನ್ನ ಲಾಂಗ್‌ಗೆ ಹಾಕಿ. ಬ್ಯಾಂಕಿಗೆ ಕೊಟ್ಟಿರೋ ಸಿಮ್ ಈ ಟಚ್ ಫೋನಿಗೆ ಹಾಕ್ಬೇಡಿ, ಮದುವೆ ಕರೆಯೋಲೆ ಅಂತ ವಾಟ್ಸಾಪಲ್ಲಿ ಎಪಿಕೆ ಫೈಲ್, ಅಂದ್ರೆ ಒತ್ತಿದ್ರೆ ಕಳ್ಳ ಆ್ಯಪ್ ಕೂರೋದು, ಕಳಿಸಿ ದುಡ್ಡು ಹೊಡಿಯೋ ಕಾಲ ಇದು, ಸಿಮ್ ಬಟನ್ ಸೆಟ್ಟಲ್ಲಿದ್ರೆ ಓಟಿಪಿನೂ ಅಲ್ಲೇ ಇರುತ್ತೆ. ಯಾರಾದ್ರೂ ಪೊಲೀಸ್ ಅಂತ ಹೆದರಿಸಿದ್ರೆ ಮುಚ್ಚಿಬಿಡು ಅಂತ ಹೇಳ್ಕೊಟ್ಟಿರಿ, ದುಡ್ಡು ಹೋಗಿದ್ರೆ ತಡ ಮಾಡ್ದೆ ಸೈಬರ್ ಮೋಸದ ದೂರಿನ ನಂಬರ್ 1930ಕ್ಕೆ ಫೋನ್ ಮಾಡಿ.

ನಮ್ಮ ಮನೇಲಿ ಮೊದಲ್ನೇ ಟಚ್ ಫೋನನ್ನ ಬೀರುವಿಂದ ಆಚೆ ತೆಗೆದು ಹಂಗೇ ಸ್ಟ್ಯಾಂಡಿಗೆ ಹಾಕಿದೀವಿ. ಭಾನುವಾರ ಸಂಜೆ ವೀಡಿಯೋ ಕಾಲ್ ಮಾಡಿದ್ರೆ ಅವ್ವ ಈಗ್ಲೂ ಮೊದಲು ಎದ್ದುಬಂದು ಸ್ಕ್ರೀನಿಗೆ ಕಿವಿ ಕೊಡ್ತಾಳೆ, ಐದು ನಿಮಿಷ ನಮಗೆ ಬರೀ ಓಲೆ ಕಾಣುತ್ತೆ. ಸ್ಪೀಕರ್ ತಾನಾಗಿ ಆನ್ ಆಗಿರುತ್ತೆ ಅವ್ವ, ದೂರ ಕೂತ್ಕೋ ಅಂದ್ರೆ, "ದೂರ ಕೂತ್ರೆ ನಿಂಗೆ ಕೇಳ್ತದಾ" ಅಂತಾಳೆ.